ಕಂಟ್ರೋಲ್ ಲೋಟದ ನೀರುಚಿಗಟಗಳೇ ಸಾಯ್ತಿವೆ, ಎಲ್ಲಿ ತಪ್ತಿದೀನಿ?

ಗದ್ದೆಬದಿ_ಹುಡುಗಿ:
ಎಲ್ರಿಗೂ ನಮಸ್ಕಾರ. ಎಂಎಸ್ಸಿ ಕೊನೇ ವರ್ಷ, ಪ್ರಾಜೆಕ್ಟ್‌ಗೆ ಅಂತ ಊರಿಗೆ ಬಂದು ಕೂತಿದೀನಿ. ನಾಪೋಕ್ಲು ಹತ್ರ ನಮ್ಮನೆ, ಹಿಂದೆ ಗದ್ದೆ, ಗದ್ದೆ ದಾಟಿದ್ರೆ ತೋಡು, ಆ ತೋಡು ಕೆಳಗೆ ಹೋಗಿ ಕಾವೇರಿ ಸೇರುತ್ತೆ. ಸುತ್ತ ಎಲ್ಲಾ ಕಾಫಿ, ಮೆಣಸು. ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಶಿಲೀಂಧ್ರದ ಮದ್ದು) ಹೊಡೆದ ಮೇಲೆ ಬ್ಯಾರಲ್ ತೊಳೆದ ನೀರು ತೋಡಿಗೆ ಹೋದ್ರೆ ಅಲ್ಲಿರೋ ಸಣ್ಣ ಜೀವಿಗಳಿಗೆ ಏನಾಗುತ್ತೆ ಅಂತ ನೋಡೋದು ನನ್ನ ವಿಷಯ. ಅದಕ್ಕೆ ಮೊದಲು ಬರೀ ಮೈಲುತುತ್ತ, ಅಂದ್ರೆ ಕಾಪರ್ ಸಲ್ಫೇಟ್ ಇಟ್ಕೊಂಡು ಡಾಫ್ನಿಯಾ, ಅಂದ್ರೆ ನೀರುಚಿಗಟದ ಮೇಲೆ ಟೆಸ್ಟ್, 48 ಗಂಟೆದು.

ಮಾಡ್ತಿರೋದು ಹೀಗೆ. ಹುಟ್ಟಿ 24 ಗಂಟೆ ಆಗಿರದ ಮರಿಗಳು, ಒಂದು ಲೋಟಕ್ಕೆ 5, ಒಂದು ಪ್ರಮಾಣಕ್ಕೆ 4 ಲೋಟ, ಅಂದ್ರೆ 20 ಮರಿ. ಐದು ಪ್ರಮಾಣ, ಜೊತೆಗೆ ಏನೂ ಹಾಕದ ಕಂಟ್ರೋಲ್. ಊಟ ಹಾಕಲ್ಲ, ಗಾಳಿ ಬಿಡಲ್ಲ. ರೂಮು 21 ಡಿಗ್ರಿ ಆಸುಪಾಸಲ್ಲೇ ಇದೆ, ಆಗಸ್ಟ್ ಮಳೆ ಅಲ್ವಾ, ಎಸಿ ಕೇಳೋದೇ ಬೇಡ. ನೀರು ನಮ್ಮ ತೋಡಿಂದೇ, ಬೋರ್ಡೋ ಹೊಡೆಯೋ ಜಾಗಕ್ಕಿಂತ ಮೇಲಿಂದ ತಂದು ಬಟ್ಟೇಲಿ ಸೋಸಿ ಒಂದು ರಾತ್ರಿ ಇಟ್ಟು ಬಳಸ್ತೀನಿ.

ಸಮಸ್ಯೆ ಏನಂದ್ರೆ ಕಂಟ್ರೋಲ್‌ನಲ್ಲೇ ಮೊದಲ ಸಲ 20ರಲ್ಲಿ 13 ಹೋದ್ವು, ಎರಡನೇ ಸಲ 16. ಮದ್ದು ಹಾಕಿರೋ ಲೋಟಕ್ಕೂ ಹಾಕದೇ ಇರೋ ಲೋಟಕ್ಕೂ ಏನೂ ವ್ಯತ್ಯಾಸವೇ ಇಲ್ಲ. ಗೈಡ್‌ಗೆ ಫೋನ್ ಮಾಡೋಕೆ ಭಯ ಆಗ್ತಿದೆ, ಅದಕ್ಕೆ ಮೊದಲು ಇಲ್ಲಿ ಕೇಳ್ತಿದೀನಿ.

ಬ್ಯಾರಲ್_ಬಾವ:
ಏನ್ ತಂಗಿ ಇದು, ನಾವು ಚಿಗಟ ಸಾಯ್ಲಿ ಅಂತ ನಾಯಿಗೆ ಪೌಡರ್ ಹಾಕ್ತೀವಿ, ನೀನು ಚಿಗಟ ಸಾಯ್ತಿದೆ ಅಂತ ಅಳ್ತೀಯಲ್ಲ 😄

ಗದ್ದೆಬದಿ_ಹುಡುಗಿ:
ಅಣ್ಣಾ ಅದು ಆ ಚಿಗಟ ಅಲ್ಲ. ಇದು ಸೀಗಡಿ ಏಡಿ ಜಾತಿಗೆ ಸಂಬಂಧ. ಕುಪ್ಪಳಿಸಿ ಕುಪ್ಪಳಿಸಿ ಈಜುತ್ತೆ ಅಂತ ನೀರುಚಿಗಟ ಅಂತಾರೆ ಅಷ್ಟೆ. ಮೈ ಎಲ್ಲಾ ಗಾಜಿನ ಥರ, ಲೆನ್ಸ್ ಇಟ್ರೆ ಎದೆ ಬಡಿಯೋದೂ ಕಾಣುತ್ತೆ, ಬೆನ್ನೊಳಗೆ ಮರಿ ಇಟ್ಕೊಂಡಿರೋದೂ ಕಾಣುತ್ತೆ. ಪಾಚಿ ತಿಂದು ನೀರು ತಿಳಿ ಮಾಡುತ್ತೆ, ಮೀನಿನ ಮರಿ ಇದನ್ನ ತಿಂದು ಬೆಳೆಯುತ್ತೆ.

ಲ್ಯಾಬ್‌ಕೋಟು:
ನಾನು ಸೋಮವಾರಪೇಟೆ ಕಡೆಯವಳು, ಬೆಂಗಳೂರಲ್ಲಿ ಇದೇ ಟೆಸ್ಟ್ ಮಾಡೋ ಕೆಲಸದಲ್ಲಿ ಒಂಬತ್ತು ವರ್ಷ. ಮೊದಲು ಒಂದು ಸಮಾಧಾನ, ನೀನು ಬರೆದಿರೋ ಕ್ರಮ ಎಲ್ಲಾ ಸರಿಯಾಗೇ ಇದೆ. ಒಇಸಿಡಿ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆದು 202 ಅಂತ ಮಾರ್ಗಸೂಚಿ ಇದೆಯಲ್ಲ, 2004ರಲ್ಲಿ ತಿದ್ದಿದ್ದು, ಅದರಲ್ಲಿ ಇರೋದು ಇದೇ. ಆದ್ರೆ ಅದೇ ಮಾರ್ಗಸೂಚಿ ಪ್ರಕಾರ ಕಂಟ್ರೋಲ್‌ನಲ್ಲಿ 100ಕ್ಕೆ 10ಕ್ಕಿಂತ ಜಾಸ್ತಿ ನಿಶ್ಚಲ ಆದ್ರೆ ಆ ಟೆಸ್ಟು ಟೆಸ್ಟೇ ಅಲ್ಲ. 20ರಲ್ಲಿ 2ರ ತನಕ ಓಕೆ, 3 ಆದ್ರೆ ಕಸದ ಬುಟ್ಟಿ. ನಿಂದು 13, 16. ಅಂದ್ರೆ ಇಲ್ಲಿ ತನಕ ನೀನು ತಾಮ್ರದ ಬಗ್ಗೆ ಏನೂ ಅಳೆದಿಲ್ಲ ಅಂತ ಇಟ್ಕೋ, ಆ ಅಂಕಿಗಳನ್ನ ಎಲ್ಲೂ ಸೇರಿಸ್ಬೇಡ.

ಈಗ ಪ್ರಶ್ನೆ. ನೀರಿಗೆ ಕ್ಲೋರಿನ್ ಹಾಕಿಲ್ಲ ತಾನೇ? ರೂಮಲ್ಲಿ ಸೊಳ್ಳೆ ಬತ್ತಿ, ಪ್ಲಗ್‌ಗೆ ಹಾಕೋ ಲಿಕ್ವಿಡ್ ಏನಾದ್ರೂ ಇದೆಯಾ? ಲೋಟ ಯಾವುದರಲ್ಲಿ ತೊಳೀತೀಯ? ಮರಿಗಳನ್ನ ಡ್ರಾಪರ್‌ನಿಂದ ಬಿಡುವಾಗ ನೀರಿನ ಮೇಲಿಂದ ಬಿಡ್ತೀಯಾ ಒಳಗೆ ಅದ್ದಿ ಬಿಡ್ತೀಯಾ? ಸತ್ತಿದೆ ಅಂತ ಹೆಂಗೆ ತೀರ್ಮಾನ ಮಾಡ್ತೀಯ?

ಗದ್ದೆಬದಿ_ಹುಡುಗಿ:
ಥ್ಯಾಂಕ್ಸ್ ಅಕ್ಕ. ಕ್ಲೋರಿನ್ ಇಲ್ಲ, ಪಂಚಾಯ್ತಿ ನೀರು ಮನೆಗೆ ಬರೋದೇ ಇಲ್ಲ. ಸೊಳ್ಳೆ ಲಿಕ್ವಿಡ್ ಅಪ್ಪನ ರೂಮಲ್ಲಿ ಇತ್ತು, ಎರಡನೇ ಸಲ ಅದನ್ನೂ ತೆಗೆಸಿದ್ದೆ, ಆದ್ರೂ 16 ಹೋದ್ವು. ಲೋಟ ಹೊಸಾ ಗಾಜಿಂದು, ಬರೀ ಬಿಸಿನೀರಲ್ಲಿ ತೊಳೆದು ಒಣಗಿಸಿದೀನಿ, ಸೋಪು ಮುಟ್ಟಿಸಿಲ್ಲ. ಡ್ರಾಪರ್ ಮಾತ್ರ ಮೇಲಿಂದ ಬಿಡ್ತಿದ್ದೆ, ಕೆಲವು ನೀರ ಮೇಲೆ ತೇಲ್ತಾ ಇದ್ವು, ಅದು ತಪ್ಪಾ?

ಲ್ಯಾಬ್‌ಕೋಟು:
ತಪ್ಪು. ಚಿಪ್ಪಿನೊಳಗೆ ಗಾಳಿ ಸಿಕ್ಕಿಹಾಕ್ಕೊಂಡ್ರೆ ಬೆಂಡಿನ ಥರ ಮೇಲೆ ತೇಲುತ್ತೆ, ಕೆಳಗೆ ಇಳಿಯೋಕೇ ಆಗಲ್ಲ, ಒದ್ದಾಡಿ ಸುಸ್ತಾಗುತ್ತೆ. ಡ್ರಾಪರ್ ತುದಿ ಅಗಲ ಇರಬೇಕು, ನೀರೊಳಗೆ ಅದ್ದಿ ಮೆಲ್ಲಗೆ ಬಿಡಬೇಕು. ಆದ್ರೆ ಅದೊಂದರಿಂದ 16 ಹೋಗಲ್ಲ.

ಇನ್ನೊಂದು, ನಾವು ಎಣಿಸೋದು ಸಾವು ಅಲ್ಲ. ಲೋಟನ ಮೆಲ್ಲಗೆ ಅಲ್ಲಾಡಿಸಿ 15 ಸೆಕೆಂಡ್ ಕಾಯಿ, ಅಷ್ಟರಲ್ಲಿ ಈಜದೇ ಇದ್ರೆ ಅದು ನಿಶ್ಚಲ. ಮೀಸೆ ಆಡಿಸ್ತಾ ಇದ್ರೂ ಜಾಗ ಬಿಟ್ಟು ಕದಲ್ಲಿಲ್ಲ ಅಂದ್ರೆ ನಿಶ್ಚಲ ಅಂತಲೇ ಲೆಕ್ಕ. ಇಷ್ಟು ಸಣ್ಣ ಜೀವಿ ಸತ್ತಿದ್ಯೋ ಬದುಕಿದ್ಯೋ ಅಂತ ಗ್ಯಾರಂಟಿಯಾಗಿ ಹೇಳೋದು ಕಷ್ಟ ಅಂತಲೇ ಈ ನಿಯಮ. 24 ಗಂಟೆಗೊಂದ್ಸಲ, 48ಕ್ಕೊಂದ್ಸಲ ಎಣಿಸು. ಅರ್ಧದಷ್ಟು ನಿಶ್ಚಲ ಆಗೋ ಪ್ರಮಾಣನೇ ಇಸಿ50.

ಎರಡನೇ_ಮಾತು:
ಬೇಜಾರಾಗ್ಬೇಡಿ, ಮನೇಲಿ ಲೋಟ ಇಟ್ಕೊಂಡು ಮಾಡಿದ್ದು ಯಾರೂ ಒಪ್ಪಲ್ಲ. ಅದೂ ಅಲ್ದೆ ಸ್ಟ್ಯಾಂಡರ್ಡ್ ಜಾತಿ ಡಾಫ್ನಿಯಾ ಮ್ಯಾಗ್ನಾನೇ ಬೇಕು, ನಿಮ್ಮ ಹತ್ರ ಇರೋದು ಕೆರೆಯಿಂದ ಹಿಡಿದಿದ್ದು ಅಂತ ಕಾಣುತ್ತೆ.

ಗದ್ದೆಬದಿ_ಹುಡುಗಿ:
ಹೌದು ಸರ್, ನಮ್ಮ ಕೆರೆದೇ, ಮ್ಯಾಗ್ನಾ ಅಲ್ಲ. ಒಂದು ತಾಯಿಯಿಂದ ಶುರು ಮಾಡಿ ಮೂರು ತಿಂಗಳಿಂದ ಸಾಕ್ತಿದೀನಿ, ಗಂಡು ಇಲ್ದೇನೇ ಮರಿ ಹಾಕುತ್ತಲ್ಲ, ಹಂಗಾಗಿ ಎಲ್ಲಾ ಒಂದೇ ಅಚ್ಚು. ಪೂರ್ತಿ ಟೆಸ್ಟ್ ಕಾಲೇಜ್ ಲ್ಯಾಬಲ್ಲೇ ಮಾಡೋದು, ಇದು ಪ್ರಮಾಣ ಎಲ್ಲಿಂದ ಎಲ್ಲಿಗೆ ಇಡಬೇಕು ಅಂತ ತಿಳ್ಕೊಳ್ಳೋಕೆ ಮುಂಚಿನ ಓಟ.

ಲ್ಯಾಬ್‌ಕೋಟು:
ಮ್ಯಾಗ್ನಾ ಇದ್ರೆ ಒಳ್ಳೇದು, ಬೇರೆ ಡಾಫ್ನಿಯಾನೂ ಬಳಸಬಹುದು ಅಂತ ಮಾರ್ಗಸೂಚೀಲೇ ಇದೆ ಸರ್. ಆದ್ರೆ ಹುಡುಗಿ ಒಂದು ನೆನಪಿಡು, ಮರಿಗಳು ಸರಿಯಾಗಿದ್ಯಾ ಅಂತ ಪರೀಕ್ಷೆ ಮಾಡೋಕೆ ಬಳಸೋ ಪೊಟ್ಯಾಸಿಯಂ ಡೈಕ್ರೋಮೇಟ್‌ನಲ್ಲಿ 24 ಗಂಟೆ ಇಸಿ50 ಲೀಟರಿಗೆ 0.6ರಿಂದ 2.1 ಮಿಲಿಗ್ರಾಂ ಒಳಗೆ ಬರಬೇಕು ಅಂತಾರಲ್ಲ, ಅದು ಮ್ಯಾಗ್ನಾಗೆ. ನಿನ್ನ ಕೆರೆ ಜಾತಿ ಅದರ ಆಚೆ ಬಂದ್ರೆ ಗಾಬರಿ ಬೀಳ್ಬೇಡ, ನಿನ್ನದೇ ಒಂದು ದಾಖಲೆ ಇಟ್ಕೋ, ಪ್ರತಿ ತಿಂಗಳು ಅದೇ ಅಂಕಿ ಆಸುಪಾಸು ಬರ್ತಿದ್ಯಾ ನೋಡು.

ಈಗ ನೀರು. ನೀರಿನ ಗಡಸುತನ ಎಷ್ಟಿದೆ ಅಳೆದಿದೀಯಾ? ಮ್ಯಾಗ್ನಾಗೆ ಲೀಟರಿಗೆ 140ರಿಂದ 250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಗಡಸು ಇರಬೇಕು ಅಂತಾರೆ. ಕೊಡಗಿನ ತೋಡಿನ ನೀರು ಹತ್ತಿಯಷ್ಟು ಮೆದು, ಸೋಪು ಹಚ್ಚಿದ್ರೆ ಎಷ್ಟು ತೊಳೆದ್ರೂ ಜಾರಿಕೆ ಹೋಗೋದೇ ಇಲ್ಲ ನೋಡಿಲ್ವಾ.

ಗದ್ದೆಬದಿ_ಹುಡುಗಿ:
ಕಿಟ್‌ನಲ್ಲಿ 20ರ ಹತ್ರ ಬಂತು ಅಕ್ಕ. ಆದ್ರೆ ಅಮ್ಮ ಚಿಗಟಗಳನ್ನ ಸಾಕಿರೋದೂ ಅದೇ ತೋಡಿನ ನೀರಲ್ಲೇ, ಅಂಗಳದ ಪ್ಲಾಸ್ಟಿಕ್ ಟಬ್‌ನಲ್ಲಿ. ಅಲ್ಲಿ ಸೊಂಪಾಗಿ ಮರಿ ಹಾಕ್ತಿವೆ. (ಅಮ್ಮ ಅಂದ್ರೆ ತಾಯಿ ಚಿಗಟ, ನಮ್ಮಮ್ಮ ಅಲ್ಲ)

ಲ್ಯಾಬ್‌ಕೋಟು:
ಹಂಗಾದ್ರೆ ಮೆದು ನೀರು ಕಾರಣ ಅಲ್ಲ. ಟಬ್‌ನಲ್ಲಿ ಬದುಕುತ್ತೆ, ಲೋಟದಲ್ಲಿ ಸಾಯುತ್ತೆ. ಎರಡರ ಮಧ್ಯೆ ಏನೋ ಒಂದು ಬದಲಾಗ್ತಿದೆ.

ಹಳೇರೈಟರ್:
ನಾನು ಸುಂಟಿಕೊಪ್ಪ ಕಡೆ ಎಸ್ಟೇಟಲ್ಲಿ ರೈಟರ್ ಆಗಿ ರಿಟೈರ್ ಆದವನು. ಈ ಇಸಿ ಪಿಸಿ ನಂಗೆ ಗೊತ್ತಿಲ್ಲಮ್ಮ. ಬೋರ್ಡೋ ಗೊತ್ತು. ಒಂದು ಕಡೆ ತುತ್ತ ಕರಗಿಸಿ ಇನ್ನೊಂದು ಕಡೆ ಸುಣ್ಣ ಅರಳಿಸಿ ಎರಡೂ ಕೂಡಿಸಿದ ಮೇಲೆ ಕತ್ತಿ ಅಲಗು ಅದ್ದಿ ನೋಡ್ತಿದ್ವಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಹಿಡೀತು ಅಂದ್ರೆ ಸುಣ್ಣ ಸಾಲ್ದು, ಇನ್ನೊಂದಿಷ್ಟು ಹಾಕು ಅಂತ ಅರ್ಥ, ಇಲ್ಲಾಂದ್ರೆ ಎಲೆ ಸುಟ್ಟೋಗುತ್ತೆ. ಅಷ್ಟೇ ನಮ್ಮ ಟೆಸ್ಟು. ಬ್ಯಾರಲ್ ತೊಳೆಯೋದು ಮಾತ್ರ ಯಾವಾಗ್ಲೂ ತೋಡಿನ ಹತ್ರನೇ, ನೀರು ಅಲ್ಲೇ ಸಿಗೋದು ಅದಕ್ಕೆ. ತೊಳೆದ ಮಾರನೇ ದಿನ ಗದ್ದೆ ಏಡಿ ಬದುವಿನ ಮೇಲೆ ಬಂದು ಕೂತಿರೋದು ನೋಡಿದೀನಿ. ಯಾಕೆ ಅಂತ ಆವಾಗ ಯಾರೂ ಕೇಳ್ಲಿಲ್ಲ.

ಬ್ಯಾರಲ್_ಬಾವ:
ರೈಟ್ರೇ ನಿಮ್ಮ ಮಾತು ಓದಿ ನಂಗೆ ಸ್ವಲ್ಪ ಚುರುಕ್ ಅಂತು. ನಾನೂ ತೋಡಿನ ಹತ್ರಾನೇ ತೊಳೆಯೋದು. ಆದ್ರೂ ಒಂದು ಕೇಳ್ತೀನಿ, ತಾಮ್ರ ಅಂದ್ರೆ ನಾವು ಕುಡಿಯೋ ಚೊಂಬಲ್ಲೂ ಇದೆ, ಬೆಳಿಗ್ಗೆ ಎದ್ದು ತಾಮ್ರದ ಚೊಂಬಿನ ನೀರು ಕುಡೀರಿ ಅಂತ ಟಿವಿ ತುಂಬಾ ಹೇಳ್ತಾರೆ. ಅದು ಒಂದು ಹುಳಕ್ಕೆ ಅಷ್ಟು ವಿಷನಾ?

ಲ್ಯಾಬ್‌ಕೋಟು:
ಅಣ್ಣಾ ನಮಗೆ ಬೇರೆ ಲೆಕ್ಕ, ಅದಕ್ಕೆ ಬೇರೆ ಲೆಕ್ಕ. ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500, 2012ದು, ಅದರಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ತನಕ ಇದ್ರೆ ಒಳ್ಳೇದು, ಬೇರೆ ನೀರೇ ಇಲ್ಲ ಅಂದ್ರೆ 1.5 ತನಕ ಸಹಿಸಬಹುದು. 0.05 ಅಂದ್ರೆ 50 ಮೈಕ್ರೋಗ್ರಾಂ. ಮೆದು ನೀರಲ್ಲಿ ನೀರುಚಿಗಟ ಬಿದ್ದೋಗೋಕೆ ಹತ್ತಿಪ್ಪತ್ತು ಮೈಕ್ರೋಗ್ರಾಂ ಸಾಕು. ನಮಗೆ ಒಳ್ಳೇ ನೀರು, ಅದಕ್ಕೆ ಮಸಣ.

ನೀರು ಗಡಸಾಗಿದ್ರೆ ಕ್ಯಾಲ್ಸಿಯಂ ತಾಮ್ರದ ಜೊತೆ ಜಾಗಕ್ಕೆ ಕಿತ್ತಾಡುತ್ತೆ, ಹಂಗಾಗಿ ವಿಷ ಕಮ್ಮಿ. ಎಲೆ ಕೊಳೆತು ಕಂದು ಬಣ್ಣ ಬಂದಿರೋ ನೀರಾದ್ರೆ ಆ ಸಾವಯವ ಅಂಶ ತಾಮ್ರನ ಹಿಡ್ಕೊಂಡು ಬಿಡುತ್ತೆ, ಆಗ್ಲೂ ಕಮ್ಮಿ. ಅದಕ್ಕೇ ಅಮೆರಿಕದ ಪರಿಸರ ಸಂಸ್ಥೆ ಇಪಿಎ 2007ರಲ್ಲಿ ತಾಮ್ರಕ್ಕೆ ಬರೀ ಗಡಸುತನದ ಲೆಕ್ಕ ಬಿಟ್ಟು ಪಿಎಚ್, ಸಾವಯವ ಇಂಗಾಲ ಎಲ್ಲಾ ಸೇರಿಸಿ ಲೆಕ್ಕ ಹಾಕೋ ಪದ್ಧತಿ ತಂತು. ಒಂದೇ ತುತ್ತ, ತೋಡಿಗೊಂದು ಇಸಿ50.

ಗದ್ದೆಬದಿ_ಹುಡುಗಿ:
ಹಂಗಾದ್ರೆ ಪುಸ್ತಕದ ನೀರಲ್ಲಿ ಮಾಡಿದ ಅಂಕಿ ನಮ್ಮ ತೋಡಿಗೆ ಹೆಂಗೆ ಹೊಂದುತ್ತೆ?

ಲ್ಯಾಬ್‌ಕೋಟು:
ನೇರ ಹೊಂದಲ್ಲ. ಪುಸ್ತಕದ ನೀರು ಬೇರೆಯವರ ಅಂಕಿ ಜೊತೆ ಹೋಲಿಸೋಕೆ. ಐಎಸ್ಒ ನೀರು ಅಂದ್ರೆ ಅಂತರರಾಷ್ಟ್ರೀಯ ಮಾನಕದ ನೀರು, ಲೀಟರ್ ಶುದ್ಧ ನೀರಿಗೆ ಕ್ಯಾಲ್ಸಿಯಂ ಕ್ಲೋರೈಡ್ 294 ಮಿಲಿಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 123, ಅಡುಗೆ ಸೋಡಾ 65, ಪೊಟ್ಯಾಸಿಯಂ ಕ್ಲೋರೈಡ್ 5.8ರ ಹತ್ರ. ಗಡಸು 250 ಬರುತ್ತೆ. ನಿಮ್ಮ ತೋಡಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಅದರಲ್ಲಿ ತಾಮ್ರ ಸಾಧು ಥರ ಕಾಣುತ್ತೆ. ನಿನ್ನ ಜಾಗದಲ್ಲಿ ನಾನಿದ್ರೆ ಎರಡು ಸಾಲು ಇಡ್ತಿದ್ದೆ, ಒಂದು ಐಎಸ್ಒ ನೀರು, ಒಂದು ತೋಡಿನ ನೀರು. ಡಾಫ್ನಿಯಾ ಸಾಕೋಕೆ ಮಾಡಿರೋ ಎಂ4, ಎಂ7 ಅನ್ನೋ ನೀರು ಮಾತ್ರ ಬಳಸ್ಬೇಡ, ಅದರಲ್ಲಿ ಲೋಹ ಹಿಡಿಯೋ ಇಡಿಟಿಎ ಇದೆ, ಅದು ತಾಮ್ರನ ಕೈಕಟ್ಟಿ ಕೂರಿಸುತ್ತೆ. ಲೋಹದ ಟೆಸ್ಟಿಗೆ ಅದು ಬೇಡ ಅಂತ ಮಾರ್ಗಸೂಚೀಲೂ ಎಚ್ಚರಿಸಿದಾರೆ.

ಗಾಜಿನಕೆರೆ:
ಕುಶಾಲನಗರದಿಂದ. ನಂದು ಅಲಂಕಾರಿಕ ಮೀನಿನ ಅಂಗಡಿ, ಮರಿಗೆ ಹಾಕೋಕೆ ಮೊಯ್ನಾ ಸಾಕ್ತೀನಿ, ಅದೂ ಇದರ ತಂಗಿನೇ. ಪ್ರಶ್ನೆ ಒಂದೇ. ಸೋಸಿದ ನೀರನ್ನ ಒಂದು ರಾತ್ರಿ ಇಡ್ತೀನಿ ಅಂದ್ರಲ್ಲ. ಯಾವುದರಲ್ಲಿ ಇಡ್ತೀರ?

ಗದ್ದೆಬದಿ_ಹುಡುಗಿ:
ಬಚ್ಚಲು ಮನೆ ಹಂಡೇಲಿ. ಸೋಲಾರ್ ಬಂದ ಮೇಲೆ ಹಂಡೆ ಸುಮ್ನೆ ಕೂತಿತ್ತು, ದೊಡ್ಡದು, ಮುಚ್ಚಳ ಇದೆ, ಕಸ ಬೀಳಲ್ಲ ಅಂತ. ಅಜ್ಜಿ ನಂಗೋಸ್ಕರ ಹುಣಸೆಹಣ್ಣು ಹಚ್ಚಿ ಉಜ್ಜಿ ಉಜ್ಜಿ ಬೆಳಗಿ ಕೊಟ್ಟಿದಾರೆ, ಮುಖ ನೋಡ್ಕೋಬಹುದು ಅಷ್ಟು

ಅಯ್ಯೋ

ಗದ್ದೆಬದಿ_ಹುಡುಗಿ:
ತಾಮ್ರದ ಹಂಡೆ.

ಗಾಜಿನಕೆರೆ:
😂 😂 ಹ್ಞೂಂ. ನಮ್ಮ ಅಂಗಡೀಲಿ ಮೀನಿಗೆ ಪರೋಪಜೀವಿ ಬಂದ್ರೆ ತಾಮ್ರದ ಮದ್ದು ಹಾಕ್ತೀವಿ, ಆ ತೊಟ್ಟಿಯಿಂದ ಸೀಗಡಿ, ಶಂಖದಹುಳು ಎಲ್ಲಾ ಮೊದಲೇ ತೆಗೀಬೇಕು, ಇಲ್ಲಾಂದ್ರೆ ಮೀನು ಉಳಿಯುತ್ತೆ ಅವು ಉಳಿಯಲ್ಲ. ನಾನು ಈ ಪಾಠ ದುಡ್ಡು ಕೊಟ್ಟು ಕಲ್ತಿದೀನಿ.

ಲ್ಯಾಬ್‌ಕೋಟು:
ಒಂಬತ್ತು ವರ್ಷ ಕೆಲಸ ಮಾಡಿ ನಾನು ಪಾತ್ರೆ ಯಾವುದು ಅಂತ ಕೇಳ್ಲಿಲ್ಲ ನೋಡಿ, ನಮ್ಮಲ್ಲಿ ಎಲ್ಲಾ ಗಾಜೇ ಆದ್ರಿಂದ ತಲೇಗೇ ಬರ್ಲಿಲ್ಲ. ಮೆದು ನೀರು, ಅದೂ ಮಳೆ ನೀರಿನ ಹಾಗೆ ಸ್ವಲ್ಪ ಹುಳಿ ಕಡೆಗಿದ್ರೆ ಲೋಹನ ಬೇಗ ಕರಗಿಸ್ಕೊಳ್ಳುತ್ತೆ. ಮೇಲೆ ಅಜ್ಜಿ ಹುಣಸೆಹಣ್ಣು ಹಾಕಿ ಕಿಲುಬಿನ ಪದರ ಎಲ್ಲಾ ತೆಗೆದು ಹೊಸಾ ತಾಮ್ರ ಹೊರಗೆ ತಂದಿದಾರೆ. ಆದ್ರೂ ಊಹೆ ಮೇಲೆ ನಿಲ್ಲಿಸ್ಬೇಡ. ಒಂದೇ ಹೊತ್ತಲ್ಲಿ ಒಂದೇ ಜಾಗದಿಂದ ನೀರು ತಗೋ, ಅರ್ಧ ಹಂಡೆಗೆ, ಅರ್ಧ ಪ್ಲಾಸ್ಟಿಕ್ ಕ್ಯಾನಿಗೆ. ಬೆಳಿಗ್ಗೆ ಎರಡರಲ್ಲೂ 20 20 ಮರಿ. ಒಂದೇ ತಾಯಂದಿರ ಮರಿ ಕಲಸಿ ಹಂಚು. ತಾಯಂದಿರನ್ನ ಹಿಂದಿನ ಸಂಜೆ ಬೇರೆ ಮಾಡಿ ಇಡು, ಬೆಳಿಗ್ಗೆ ಇರೋವೆಲ್ಲಾ ರಾತ್ರಿ ಹುಟ್ಟಿದ್ವೇ ಆಗಿರುತ್ತೆ, ವಯಸ್ಸಿನ ತಲೆನೋವು ಇಲ್ಲ.

ಎರಡನೇ_ಮಾತು:
ಇದು ಒಳ್ಳೇ ಪ್ರಯೋಗ, ಇದನ್ನ ಒಪ್ತೀನಿ. ಲೋಟಗಳ ಮೇಲೆ ಹಂಡೆ, ಕ್ಯಾನು ಅಂತ ಬರೀಬೇಡಿ, ನಂಬರ್ ಹಾಕಿ, ಎಣಿಸೋದು ಬೇರೆಯವರ ಕೈಲಿ ಮಾಡ್ಸಿ. ನಮಗೆ ಬೇಕಾದ ಉತ್ತರ ಗೊತ್ತಿದ್ರೆ ಕಣ್ಣು ಸುಳ್ಳು ಹೇಳುತ್ತೆ.

ಬ್ಯಾರಲ್_ಬಾವ:
ಇದರ ಮಧ್ಯ ನಂದೊಂದು ಲೆಕ್ಕ ನೋಡಿ. 200 ಲೀಟರ್ ಬ್ಯಾರಲಿಗೆ ನಾನು ಕಾಫಿಗೆ ಅರ್ಧ ಪರ್ಸೆಂಟ್ ಹಾಕೋದು, ಅಂದ್ರೆ ಒಂದು ಕೆಜಿ ತುತ್ತ. ತೊಳೆದಾಗ ತಳದಲ್ಲಿ ಒಂದು ಲೀಟರ್ ಉಳೀತು ಅಂದ್ಕೊಳ್ಳಿ. ಅದರಲ್ಲಿ ತಾಮ್ರ ಎಷ್ಟು?

ಲ್ಯಾಬ್‌ಕೋಟು:
ತುತ್ತದಲ್ಲಿ ನಾಲ್ಕನೇ ಒಂದು ಭಾಗ ತಾಮ್ರ. ಲೀಟರಿಗೆ 5 ಗ್ರಾಂ ತುತ್ತ ಅಂದ್ರೆ ಹತ್ರಹತ್ರ 1.27 ಗ್ರಾಂ ತಾಮ್ರ. ಅದನ್ನ ಲೀಟರಿಗೆ 10 ಮೈಕ್ರೋಗ್ರಾಂಗೆ ಇಳಿಸಬೇಕು ಅಂದ್ರೆ 1,27,000 ಲೀಟರ್ ನೀರು ಬೇಕು. ಆದ್ರೆ ಸುಣ್ಣ ಸೇರಿರೋದ್ರಿಂದ ಅದರಲ್ಲಿ ಬಹುಪಾಲು ಕರಗದ ರೂಪದಲ್ಲಿ ಇರುತ್ತೆ, ಎಲ್ಲಾ ಒಟ್ಟಿಗೆ ಚಿಗಟದ ಬಾಯಿಗೆ ಬೀಳಲ್ಲ, ಕೆಸರಲ್ಲಿ ಕೂರುತ್ತೆ. ಹಂಗಂತ ಕಾಣೆ ಆಗಲ್ಲ, ಲೋಹ ಅಲ್ವಾ, ಕೊಳೆಯಲ್ಲ.

ಬ್ಯಾರಲ್_ಬಾವ:
ನಮ್ಮ ತೋಡಲ್ಲಿ ಬೇಸಿಗೇಲಿ ಅಷ್ಟು ನೀರೇ ಇರಲ್ಲ ಮಾರಾಯ್ರೆ. ಹಂಗಾದ್ರೆ ಬೋರ್ಡೋ ಬಿಟ್ಟು ಬೇರೆ ಹೊಸಾ ಮದ್ದು ಹೊಡೀಲಾ? ಡಬ್ಬಿ ಮೇಲೆ ಹಸಿರು ತ್ರಿಕೋನ ಇರೋದು ಸೇಫ್ ತಾನೇ?

ಲ್ಯಾಬ್‌ಕೋಟು:
ಆ ತ್ರಿಕೋನ ನಂಬ್ಕೊಂಡು ತೋಡಿಗೆ ಬಿಡ್ಬೇಡಿ ಅಣ್ಣಾ. ಕೆಂಪು, ಹಳದಿ, ನೀಲಿ, ಹಸಿರು ಎಲ್ಲಾ ಇಲಿ ಥರದ ಪ್ರಾಣಿ ಮೇಲೆ ಮಾಡಿದ ಲೆಕ್ಕ, ಅಂದ್ರೆ ಹೊಡೆಯೋ ಮನುಷ್ಯನಿಗೆ ಎಷ್ಟು ಅಪಾಯ ಅಂತ. ನೀರಿನ ಜೀವಿ ಆ ಬಣ್ಣದಲ್ಲಿ ಇಲ್ಲ. ಕ್ಲೋರೋಪೈರಿಫಾಸ್ ಅನ್ನೋ ಕೀಟನಾಶಕ ತಗೊಳ್ಳಿ, ಡಾಫ್ನಿಯಾಗೆ ಇಸಿ50 ಲೀಟರಿಗೆ ಒಂದು ಮೈಕ್ರೋಗ್ರಾಂಗಿಂತಲೂ ಕೆಳಗೆ. 20 ಇಸಿ ಡಬ್ಬಿಯ ಒಂದು ಎಂಎಲ್‌ನಲ್ಲಿ ಎರಡು ಲಕ್ಷ ಮೈಕ್ರೋಗ್ರಾಂ ಇದೆ. ಅಂದಹಾಗೆ ಡಬ್ಬಿ ಮೇಲಿನ ಇಸಿ ಅಂದ್ರೆ ನೀರಲ್ಲಿ ಕಲಸೋ ಎಣ್ಣೆ ರೂಪದ ಮದ್ದು, ಅದಕ್ಕೂ ನಮ್ಮ ಇಸಿ50ಗೂ ಸಂಬಂಧ ಇಲ್ಲ, ಗೊಂದಲ ಮಾಡ್ಕೋಬೇಡಿ.

ಎರಡನೇ_ಮಾತು:
ಇದರ ಉಲ್ಟಾನೂ ಹೇಳಿ ಮೇಡಂ. ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕಕ್ಕೆ ಡಾಫ್ನಿಯಾ ಏನೂ ಆಗದೆ ಈಜ್ತಾ ಇರುತ್ತೆ.

ಲ್ಯಾಬ್‌ಕೋಟು:
ಸರಿಯಾಗಿ ಹಿಡಿದ್ರಿ ಸರ್. ಮ್ಯಾಗ್ನಾಗೆ ಇಮಿಡಾಕ್ಲೋಪ್ರಿಡ್ 48 ಗಂಟೆ ಇಸಿ50 ಲೀಟರಿಗೆ ಹತ್ತಾರು ಮಿಲಿಗ್ರಾಂ, ಮಿಲಿ ಅಂತಿದೀನಿ, ಮೈಕ್ರೋ ಅಲ್ಲ. ಅದನ್ನ ನೋಡಿ ನೀರಿಗೆ ಪರವಾಗಿಲ್ಲ ಅಂತ ಬರೆದ್ರೆ ಮುಗೀತು ಕಥೆ. ಯಾಕಂದ್ರೆ ಅದು ಕೀಟದ ನರಕ್ಕೆ ಹೊಡೆಯೋ ಮದ್ದು, ತೋಡಿನ ಕಲ್ಲಡಿ ಇರೋ ಮೇಫ್ಲೈ ಮರಿ, ಕೆಂಪು ಹುಳದ ಥರ ಇರೋ ಕೈರೋನೊಮಸ್ ಮರಿ ಮೈಕ್ರೋಗ್ರಾಂ ಲೆಕ್ಕದಲ್ಲೇ ಬಿದ್ದೋಗ್ತವೆ. 2011ರಲ್ಲಿ ಕೈರೋನೊಮಸ್‌ಗೆ ಅಂತಲೇ 48 ಗಂಟೆ ಟೆಸ್ಟು, ಒಇಸಿಡಿ 235 ಬಂತು. ಒಂದು ಜೀವಿ ಬದುಕಿತು ಅಂತ ಇಡೀ ತೋಡಿಗೆ ಸರ್ಟಿಫಿಕೇಟ್ ಕೊಡೋದು, ಆಯ್ತಲ್ಲ, ನಂಗೂ ಈ ವಿಷಯದಲ್ಲಿ ಕೋಪ ಬರುತ್ತೆ ಬಿಡಿ.

ಗದ್ದೆಬದಿ_ಹುಡುಗಿ:
ನಾಲ್ಕು ದಿನ ಬಿಟ್ಟು ಬಂದಿದೀನಿ, ಕರೆಂಟ್ ಇರ್ಲಿಲ್ಲ, ನೆಟ್ಟೂ ಇರ್ಲಿಲ್ಲ. ಕತ್ತಲಲ್ಲಿ ಇಟ್ರೂ ನಡೆಯುತ್ತೆ ಅಂತ ಮಾರ್ಗಸೂಚೀಲಿ ಇದ್ದಿದ್ದು ಒಳ್ಳೇದಾಯ್ತು.

ನಂಬರ್ ಹಾಕಿದ ಲೋಟಗಳು, ಎಣಿಸಿದ್ದು ತಮ್ಮ, ಏಳನೇ ಕ್ಲಾಸು. ಅವನಿಗೆ ಯಾವುದು ಏನು ಅಂತ ಹೇಳಿರ್ಲಿಲ್ಲ, ಲೋಟಕ್ಕೆ ಒಂದು ರೂಪಾಯಿ ಕೊಟ್ಟಿದೀನಿ. ಟಾರ್ಚ್ ಹಿಡ್ಕೊಂಡು ಜೋರಾಗಿ ಹದಿನೈದು ಎಣಿಸ್ತಿದ್ದ. ಕ್ಯಾನಿನ ನೀರು 48 ಗಂಟೆ ಆದ್ಮೇಲೆ 20ರಲ್ಲಿ 1 ನಿಶ್ಚಲ. ಹಂಡೆ ನೀರು 20ರಲ್ಲಿ 19. ಉಳಿದ ಒಂದೂ ತಳದಲ್ಲಿ ಸುತ್ತು ಹೊಡೀತಿತ್ತು, ಈಜು ಅಂತ ಬರೆದ್ವಿ, ಆದ್ರೆ ನೋಡೋಕೆ ಸಂಕಟ ಆಗ್ತಿತ್ತು.

ಗಾಜಿನಕೆರೆ ಅಣ್ಣ ಬಸ್ಸಲ್ಲಿ ತಾಮ್ರ ನೋಡೋ ಕಿಟ್ ಕಳಿಸಿದ್ರು. ಹಂಡೆ ನೀರಿಗೆ ಬಣ್ಣ ಬಂತು, ಕ್ಯಾನಿನ ನೀರಿಗೆ ಬರ್ಲಿಲ್ಲ.

ಲ್ಯಾಬ್‌ಕೋಟು:
ಶಭಾಷ್. ಕಿಟ್‌ಗೆ ಬಣ್ಣ ಬರ್ಲಿಲ್ಲ ಅಂದ್ರೆ ಶೂನ್ಯ ಅಂತಲ್ಲ ಆಯ್ತಾ, ಆ ಕಿಟ್ಟು ಹತ್ತಿಪ್ಪತ್ತು ಮೈಕ್ರೋಗ್ರಾಂನೆಲ್ಲಾ ನೋಡಲ್ಲ, ನಿನ್ನ ಚಿಗಟ ನೋಡುತ್ತೆ. ಎರಡೂ ನೀರನ್ನ ಸಣ್ಣ ಪ್ಲಾಸ್ಟಿಕ್ ಬಾಟ್ಲಿಗೆ ತುಂಬಿ ಕಾಲೇಜಿಗೆ ಒಯ್ದು ಅಳೆಸು. ಮುಂದಿನ ಓಟಕ್ಕೆ ಪ್ರಮಾಣ 8, 16, 32, 64, 128 ಮೈಕ್ರೋಗ್ರಾಂ ಇಡು. ಒಂದಕ್ಕೊಂದು 2.2 ಪಟ್ಟಿಗಿಂತ ದೂರ ಇರಬಾರ್ದು ಅನ್ನೋ ನಿಯಮದ ಒಳಗೇ ಇದೆ. ಶುದ್ಧ ಕಾಪರ್ ಸಲ್ಫೇಟ್ 393 ಮಿಲಿಗ್ರಾಂ ಒಂದು ಲೀಟರಿಗೆ ಹಾಕಿದ್ರೆ ತಾಮ್ರ ಲೀಟರಿಗೆ 100 ಮಿಲಿಗ್ರಾಂ ಆಗುತ್ತೆ, ಅಲ್ಲಿಂದ ಇಳಿಸ್ಕೊಂಡು ಬಾ. ತೋಟದ ತುತ್ತ ಬೇಡ, ಅದರಲ್ಲಿ ಬೇರೆ ಕಸ ಇರುತ್ತೆ. ಕೊನೇಲಿ ಆಮ್ಲಜನಕ ಅಳೆ, ಲೀಟರಿಗೆ 3 ಮಿಲಿಗ್ರಾಂಗಿಂತ ಕೆಳಗೆ ಹೋಗಿರಬಾರ್ದು.

ಹಳೇರೈಟರ್:
ಅಜ್ಜಿಗೆ ಹೇಳಿದ್ಯಾ ಮಗಾ?

ಗದ್ದೆಬದಿ_ಹುಡುಗಿ:
ಹೇಳಿದೆ ಅಜ್ಜಾ. ಈ ಹಂಡೆ ನೀರಲ್ಲಿ ಮಿಂದೇ ಮೂರು ತಲೆಮಾರು ಬೆಳೆದಿದೆ, ನಿನ್ನ ಹುಳಕ್ಕೆ ತಡೆಯಲ್ಲ ಅಂದ್ರೆ ಅದು ಹುಳದ ದೋಷ ಅಂದ್ರು. ಆಮೇಲೆ ಲೆನ್ಸಲ್ಲಿ ಮರಿ ತೋರಿಸ್ದೆ, ಎದೆ ಬಡಿಯೋದು ನೋಡಿ ಸುಮಾರು ಹೊತ್ತು ಸುಮ್ನೆ ಇದ್ರು. ಇವತ್ತು ಬೆಳಿಗ್ಗೆ ಹಂಡೆಲಿದ್ದ ನೀರನ್ನ ಅಂಗಳದ ಟಬ್ ಕಡೆ ಚೆಲ್ಲದೆ ಬಾಳೆ ಬುಡಕ್ಕೆ ಹಾಕ್ತಿದ್ರು.

ಬ್ಯಾರಲ್_ಬಾವ:
ನಾನೂ ಬ್ಯಾರಲ್ ತೋಡಿಂದ ಮೇಲಕ್ಕೆ ತರಿಸಿದೀನಿ. ತೊಳೆದ ನೀರು ಮುಂದಿನ ಬ್ಯಾರಲ್ ಕಲಸೋಕೇ ವಾಪಸ್ ಹಾಕಿ ಅಂದಿದೀನಿ, ಕೆಲಸದವರು ಪೈಪ್ ಎಳೆಯೋಕೆ ಗೊಣಗ್ತಿದಾರೆ. ತಂಗಿ ನಮ್ಮ ತೋಡಿನ ನೀರೂ ಒಂದ್ಸಲ ನಿನ್ನ ಚಿಗಟಕ್ಕೆ ತೋರಿಸ್ತೀಯಾ? ಸಿದ್ದಾಪುರದಿಂದ ಕಳಿಸ್ತೀನಿ.

ಗದ್ದೆಬದಿ_ಹುಡುಗಿ:
ಕಳಿಸಿ ಅಣ್ಣಾ. ಮಿನರಲ್ ವಾಟರ್ ಬಾಟ್ಲಿ ಸಾಕು, ಅದೇ ತೋಡಿನ ನೀರಲ್ಲಿ ಮೂರು ಸಲ ಕುಲುಕಿ ಚೆಲ್ಲಿ, ಬಾಯ್ತನಕ ತುಂಬಿಸಿ. ತೊಳೆಯೋ ಜಾಗದ ಮೇಲಿಂದೊಂದು, ಕೆಳಗಿಂದೊಂದು. ದಯವಿಟ್ಟು ಚೊಂಬಲ್ಲಿ ಮೊಗೆದು ಹಾಕ್ಬೇಡಿ.